ಪರದೇಶದ ವ್ಯಾಪಾರವೂ ನಮ್ಮ ಕಲಾ ಪದವಿಯೂ

ನಮ್ಮ ನಾಡಿಗೆ ವಿದೇಶೀ ಬಂಡವಾಳ ಬರಬೇಕು, ಹೊರನಾಡಿನ ಉದ್ಯಮಿಗಳು ಇಲ್ಲಿ ಕಾರ್ಖಾನೆ ಹೂಡಬೇಕು, ಅದರಿಂದ ನಮ್ಮ ಯುವಕರಿಗೆ ಕೆಲಸ ಸಿಕ್ಕಬೇಕು ಎಂಬ ಮಾತನ್ನು ಇಂದು ಕೇಳದವರಿಲ್ಲ. ವಿಧಾನಸೌಧದಿಂದ ಹಿಡಿದು ನಮ್ಮೂರ ಸಂತೆಯ ಹೋಟೆಲಿನವರೆಗೆ ಅದೇ ಮಾತು. ಅದರಲ್ಲಿ ತಪ್ಪೇನೂ ಇಲ್ಲ. ಯಾವ ನಾಡೂ ಬಾಗಿಲು ಹಾಕಿಕೊಂಡು ಬಾಳಿದ್ದಿಲ್ಲ. ಆದರೆ ಬರುವ ಅತಿಥಿಗೆ ಏನೇನು ಬೇಕೆಂದು ವಿಚಾರಿಸುವಷ್ಟು ಆಸ್ಥೆಯಿಂದ, ಅವನ ಎದುರು ಕುಳಿತು ವ್ಯವಹರಿಸಬೇಕಾದ ನಮ್ಮವನಿಗೆ ಏನೇನು ಬೇಕೆಂದು ಯಾರೂ ವಿಚಾರಿಸುತ್ತಿಲ್ಲ. ಈ ಕೊರತೆಯನ್ನು ತುಂಬುವ ಕೆಲಸ ನಮ್ಮಂಥ ಸರ್ಕಾರಿ ಕಲಾ ಕಾಲೇಜಿಗೆ ಸೇರಿದ್ದೆಂದು ನನ್ನ ಅಭಿಪ್ರಾಯ. ಅದನ್ನು ಸಹಪಾಠಿಗಳ ಮತ್ತು ಗುರುಹಿರಿಯರ ಮುಂದಿಡುವುದಕ್ಕಾಗಿಯೇ ಈ ಲೇಖನ.

ಅತಿಥಿಗಾಗಿ ಸರ್ಕಾರ ಮಾಡಿರುವ ಏರ್ಪಾಡುಗಳು ಅಲ್ಪವಲ್ಲ. ಕೈಗಾರಿಕೆಗೆ ನೆಲ ಒದಗಿಸಲು 1966ರ ಕಾಯಿದೆಯ ಮೇರೆಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಬಂಡವಾಳಗಾರನ ಕೈಹಿಡಿದು ನಡೆಸಲು ಕರ್ನಾಟಕ ಉದ್ಯೋಗ ಮಿತ್ರ ಇದೆ. ಎಲ್ಲ ಅನುಮತಿಗಳೂ ಒಂದೇ ಕಡೆ ದೊರೆಯಲೆಂದು ಏಕಗವಾಕ್ಷಿ ಪದ್ಧತಿ ಇದೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆಯಿತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ನಮ್ಮ ಶ್ರೀರಂಗಪಟ್ಟಣದ ಮಗ್ಗುಲಲ್ಲೇ ಹಾದುಹೋಗಿದೆ. ಇನ್ನು ಸ್ಪ್ಯಾನಿಷ್ ಮಾತನಾಡುವ ಜಗತ್ತಂತೂ ನಮ್ಮ ಹತ್ತಿರಕ್ಕೆ ಬರುತ್ತಿದೆ. 2024ರ ಅಕ್ಟೋಬರಿನಲ್ಲಿ ಸ್ಪೇನಿನ ಪ್ರಧಾನಿ ಪೆಡ್ರೊ ಸಾಂಚೆಸ್ ಅವರು ಭಾರತಕ್ಕೆ ಬಂದಾಗ ಹೊರಬಿದ್ದ ಜಂಟಿ ಹೇಳಿಕೆ, ಬೆಂಗಳೂರಿನಲ್ಲಿ ಕಾನ್ಸುಲೇಟ್ ತೆರೆಯುವ ಸ್ಪೇನಿನ ನಿರ್ಧಾರವನ್ನು ಸ್ವಾಗತಿಸಿತು. ರಾಯಭಾರ ಬಂದ ಕಡೆಗೆ ವರ್ತಕನೂ ಬರುತ್ತಾನೆ. ಇದು ಚರಿತ್ರೆಯ ಪಾಠ.

ನೆಲ, ನೀರು, ವಿದ್ಯುತ್ತು, ರಸ್ತೆ, ರಿಯಾಯಿತಿ - ಇವೆಲ್ಲವೂ ಬರುವವನಿಗೆ. ಇರುವವನಿಗೆ ಏನು?

ಈ ಪ್ರಶ್ನೆಯನ್ನು ನಮ್ಮ ನಾಲ್ಕು ತಾಲ್ಲೂಕುಗಳ ಇತಿಹಾಸವೇ ಕೇಳುತ್ತದೆ. ಪರದೇಶದವರು ನಮಗೆ ಹೊಸಬರೇನೂ ಅಲ್ಲ. ಇಂದಿನ ಪಾಂಡವಪುರದ ಮೂಲ ಹೆಸರು ಹಿರೋಡೆ. ಹೈದರಾಲಿ ಮತ್ತು ಟೀಪೂ ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಆ ಊರಿಗೆ ಫ್ರೆಂಚ್ ರಾಕ್ಸ್ ಎಂದೇ ಬಹುಕಾಲ ಹೆಸರಿತ್ತು. 1788ರಲ್ಲಿ ಟೀಪೂವಿನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡು, ಸೈನ್ಯದ ನೆರವನ್ನು ಮಾತ್ರವೇ ಅಲ್ಲದೆ ಕುಶಲ ಕೆಲಸಗಾರರನ್ನೂ ಕೇಳಿದರು. ಸೈನ್ಯದ ನೆರವು ಬರಲಿಲ್ಲ. ಕೆಲವರು ಕೆಲಸಗಾರರು ಮಾತ್ರ ಶ್ರೀರಂಗಪಟ್ಟಣಕ್ಕೆ ಬಂದರು. ಅದೇ ದ್ವೀಪದ ಗಂಜಾಮನ್ನು ಬೆಳೆಸುವುದಕ್ಕಾಗಿ ಸಿರಾದಿಂದ 12,000 ಕುಟುಂಬಗಳನ್ನು ಅಲ್ಲಿಗೆ ಎಬ್ಬಿಸಿ ತರಲಾಯಿತೆಂದು ಗ್ಯಾಸೆಟಿಯರು ಹೇಳುತ್ತದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಒಂದು ಕೈಗಾರಿಕಾ ವಸಾಹತು. ಆದರೆ 1799ರಲ್ಲಿ ಅರಸು ಬಿದ್ದೊಡನೆ ಆ ವೈಭವವೂ ಇಳಿಯಿತು. ಅಪ್ಪಣೆಯಿಂದ ಬಂದ ಕಸುಬು ಅಪ್ಪಣೆಯೊಂದಿಗೇ ಹೋಯಿತು. ಮೇಲಿನಿಂದ ನೆಟ್ಟ ಗಿಡ ಎಷ್ಟೇ ಎತ್ತರವಾಗಿರಲಿ, ಬೇರು ಇಳಿಯದಿದ್ದರೆ ಒಂದೇ ಗಾಳಿಗೆ ಉರುಳುವುದು.

ಇದಕ್ಕೆ ಎದುರಾಗಿ ಮತ್ತೊಂದು ನಿದರ್ಶನವೂ ನಮ್ಮ ಜಿಲ್ಲೆಯಲ್ಲೇ ಉಂಟು. ಲೆಸ್ಲಿ ಕೋಲ್ಮನ್ ಅವರು ಕೆನಡಾದವರು; 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಕನ್ನಂಬಾಡಿಯ ಕಾಲುವೆಯ ನೀರು ಹರಿಯುವ ಹೊತ್ತಿಗೆ, 1931ರಲ್ಲಿ, ಅವರು ಮಂಡ್ಯದಲ್ಲಿ ಪ್ರಯೋಗಕ್ಷೇತ್ರವನ್ನು ತೆರೆದರು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತು. ಅದರ ಷೇರುಗಳನ್ನು ಕೊಂಡವರಲ್ಲಿ ರೈತರೂ ಇದ್ದರು. ಇಲ್ಲಿ ಹೊರಗಿನಿಂದ ಬಂದದ್ದು ಜ್ಞಾನ. ನೆಲ, ನೀರು, ದುಡಿಮೆ, ಪಾಲುದಾರಿಕೆ ಎಲ್ಲವೂ ನಮ್ಮವು. ಪ್ರಯೋಗಕ್ಷೇತ್ರ ಮೊದಲು, ಕಾರ್ಖಾನೆ ಅನಂತರ ಎಂಬ ಆ ಕ್ರಮವನ್ನು ಗಮನಿಸತಕ್ಕದ್ದು. ಕಲಿಯುವುದು ಮುಂದೆ, ಗಳಿಸುವುದು ಹಿಂದೆ.

ಈಗ ನಾನು ಹೇಳಹೊರಟ ವಿಷಯಕ್ಕೆ ಬರುತ್ತೇನೆ. ಪರದೇಶದ ವ್ಯಾಪಾರ ಮುಂದೆಂದೋ ಬರುವುದಲ್ಲ. ಈಗಾಗಲೇ ನಮ್ಮ ನೆರೆಯ ಹೊಲಗಳಿಗೆ ಬಂದಿದೆ. ಅದರ ಹೆಸರು ಮಿಡಿಸೌತೆ. ಗರ್ಕಿನ್ ಎಂದು ಅದಕ್ಕೆ ಇಂಗ್ಲಿಷಿನಲ್ಲಿ ಹೆಸರು. ಬೆರಳುದ್ದದ ಈ ಎಳೆಯ ಸೌತೆಯನ್ನು ನಮ್ಮವರು ತಿನ್ನುವುದಿಲ್ಲ, ನಮ್ಮ ಸಂತೆಯಲ್ಲಿ ಇದಕ್ಕೆ ಗಿರಾಕಿಯೂ ಇಲ್ಲ. ಉಪ್ಪುನೀರಿನಲ್ಲೋ ಹುಳಿದ್ರಾವಣದಲ್ಲೋ ಊರಿಹಾಕಿ, ಪೀಪಾಯಿಗಳಲ್ಲಿ ತುಂಬಿ ಹಡಗಿಗೇರಿಸುತ್ತಾರೆ. ಭಾರತದಲ್ಲಿ ಈ ಬೆಳೆ 1990ರ ದಶಕದಲ್ಲಿ ಮೊಟ್ಟಮೊದಲು ಕಾಲಿಟ್ಟದ್ದು ನಮ್ಮ ಕರ್ನಾಟಕದಲ್ಲಿ. ಅನಂತರ ತಮಿಳುನಾಡು, ಆಂಧ್ರ, ತೆಲಂಗಾಣಗಳಿಗೆ ಹಬ್ಬಿತು. ನಾಗಮಂಗಲದ ನೆರೆಯ ತಾಲ್ಲೂಕಾದ ಕುಣಿಗಲಿನಲ್ಲಿ ಸ್ವಿಟ್ಜರ್ಲೆಂಡ್ ಮೂಲದ ರೈಟ್ಸೆಲ್ ಸಂಸ್ಥೆಯ ಕಾರ್ಖಾನೆ ಇದೇ ಕಸುಬಿನದು. ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆಯಾದ ಅಪೆಡಾ 2022ರ ಜನವರಿಯಲ್ಲಿ ಪ್ರಕಟಿಸಿದಂತೆ, ಮಿಡಿಸೌತೆಯ ರಫ್ತಿನಲ್ಲಿ ಭಾರತವೇ ಜಗತ್ತಿನಲ್ಲಿ ಮೊದಲನೆಯದು. ಕೊಳ್ಳುವ ಇಪ್ಪತ್ತಕ್ಕೂ ಮಿಕ್ಕ ದೇಶಗಳ ಸಾಲಿನಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿಗಳೊಡನೆ ಸ್ಪೇನ್ ದೇಶವೂ ಇದೆ. ಆ ದೇಶದಲ್ಲಿ ಇದನ್ನು ಪೆಪಿನಿಯೊ ಎನ್ನುತ್ತಾರೆ. ಆಲಿವ್ ಕಾಯಿಯ ಜೊತೆಗೆ ಕಡ್ಡಿಗೆ ಚುಚ್ಚಿ ಊಟಕ್ಕೆ ಮುಂಚೆ ಮೆಲ್ಲುತ್ತಾರೆ.

ಆ ಪ್ರಕಟಣೆಯ ಅಂಕಿಗಳನ್ನು ಮುಂದಿಟ್ಟುಕೊಂಡು ಒಂದು ಸಣ್ಣ ಲೆಕ್ಕ ಮಾಡೋಣ. ಒಪ್ಪಂದದ ಬೇಸಾಯದಲ್ಲಿ ತೊಡಗಿದ ರೈತರು ಸುಮಾರು 90,000. ಬೆಳೆಯುವ ನೆಲ 65,000 ಎಕರೆ. ಎಂದರೆ ತಲೆಗೆ ಮುಕ್ಕಾಲು ಎಕರೆಗಿಂತಲೂ ಕಡಿಮೆ, ಸುಮಾರು 29 ಗುಂಟೆ. ಎಕರೆಗೆ ಸರಾಸರಿ 4 ಟನ್ ಫಸಲು, 80,000 ರೂಪಾಯಿ ಹುಟ್ಟುವಳಿ, ಖರ್ಚು ಕಳೆದು 40,000 ರೂಪಾಯಿ ಉಳಿತಾಯ. ಬೆಳೆಯ ಅವಧಿ 90 ದಿನ. ವರ್ಷಕ್ಕೆ ಎರಡು ಬೆಳೆ. ನಮ್ಮ ಸರಾಸರಿ ರೈತನ 29 ಗುಂಟೆಗೆ ಒಂದು ಬೆಳೆಯಲ್ಲಿ ಉಳಿಯುವುದು 29,000 ರೂಪಾಯಿಯ ಆಸುಪಾಸು. ಮಳೆಯಾಧಾರದ ರಾಗಿಯನ್ನೇ ನಂಬಿದವನಿಗೆ ಇದು ಸಣ್ಣ ಮೊತ್ತವಲ್ಲ. ಈ ವ್ಯಾಪಾರವನ್ನು ಹಳಿಯುವುದು ನನ್ನ ಉದ್ದೇಶವಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ.

ಆದರೆ ಲೆಕ್ಕದ ಇನ್ನೊಂದು ಪಕ್ಕವನ್ನೂ ನೋಡಬೇಕು. 4 ಟನ್ನಿಗೆ 80,000 ಎಂದರೆ ರೈತನಿಗೆ ಕಿಲೋಗೆ 20 ರೂಪಾಯಿ. 2020-21ರಲ್ಲಿ ದೇಶದಿಂದ ಹೊರಟ ಸೌತೆ ಮತ್ತು ಮಿಡಿಸೌತೆ 2,23,515 ಟನ್. ಬಂದ ಹಣ 22.3 ಕೋಟಿ ಡಾಲರು. ಎಂದರೆ ಕಿಲೋಗೆ ಹೆಚ್ಚುಕಡಿಮೆ ಒಂದು ಡಾಲರು. ಆ ವರ್ಷದ ವಿನಿಮಯದಲ್ಲಿ ಸುಮಾರು 74 ರೂಪಾಯಿ. ಇಪ್ಪತ್ತಕ್ಕೂ ಎಪ್ಪತ್ತನಾಲ್ಕಕ್ಕೂ ನಡುವಿನ ಅಂತರವೆಲ್ಲ ಅನ್ಯಾಯವೆಂದು ಹೇಳಿದರೆ ಅದು ಅವಿವೇಕವಾದೀತು. ಕಾರ್ಖಾನೆ, ಉಪ್ಪು, ಹುಳಿ, ಪೀಪಾಯಿ, ಲಾರಿ, ಬಂದರು, ಹಡಗು ಎಲ್ಲಕ್ಕೂ ಖರ್ಚುಂಟು. ನಷ್ಟದ ಭಯವೂ ಉಂಟು. ಆದರೆ ಆ ಅಂತರದಲ್ಲಿ ಅಡಗಿರುವ ಕೆಲಸಗಳಲ್ಲಿ ಎಷ್ಟು ನಮ್ಮ ತಾಲ್ಲೂಕಿನವರ ಕೈಗೆ ಬರುವಂಥವು ಎಂದು ಕೇಳುವ ಹಕ್ಕು ನಮಗಿದೆ. ವಿಂಗಡಣೆ, ತೂಕ, ಲೆಕ್ಕ, ಪತ್ರವ್ಯವಹಾರ, ಕೊಳ್ಳುವವರೊಡನೆ ಮಾತುಕತೆ - ಇವು ಯಾವುವೂ ದೇವಲೋಕದ ವಿದ್ಯೆಗಳಲ್ಲ.

ಈ ಬೆಳೆಯ ರೀತಿಯೇ ಬೇರೆ. ಬೀಜ, ಗೊಬ್ಬರ, ಔಷಧಿಗಳನ್ನು ಕಂಪೆನಿ ಸಾಲವಾಗಿ ಕೊಟ್ಟು, ಕಾಯಿಯ ಹಣದಲ್ಲಿ ಮುರಿದುಕೊಳ್ಳುವುದು ವಾಡಿಕೆ. ಕಾಯಿ ಚಿಕ್ಕದಾದಷ್ಟೂ ಬೆಲೆ ಹೆಚ್ಚು. ಕಿಲೋಗೆ ಎಷ್ಟು ಕಾಯಿ ಎಂಬುದರ ಮೇಲೆ ದರ್ಜೆ ಕಟ್ಟುತ್ತಾರೆ. ಒಂದು ದಿನ ಬಿಡಿಸುವುದು ತಪ್ಪಿದರೆ ಕಾಯಿ ದಪ್ಪವಾಗಿ ದರ್ಜೆ ಇಳಿಯುತ್ತದೆ. ಆದ್ದರಿಂದ ಕೊಯ್ಲು ಆರಂಭವಾದ ಮೇಲೆ ಮನೆಯ ಹೆಂಗಸರು ಮಕ್ಕಳಿಗೆ ಹಬ್ಬವಿಲ್ಲ, ನೆಂಟಸ್ತಿಕೆಯಿಲ್ಲ. ದಿನ ಬೆಳಗಾದರೆ ಬಳ್ಳಿಯ ಸಾಲಿನಲ್ಲಿ ಬಗ್ಗಿರಬೇಕು. ಹೀಗೆ ಬಗ್ಗಿ ಬಿಡಿಸಿದ್ದನ್ನು ಸಂಗ್ರಹಣ ಕೇಂದ್ರದಲ್ಲಿ 'ಇದು ದಪ್ಪ, ಇದು ಸೊಟ್ಟ' ಎಂದು ತೆಗೆದುಹಾಕಿದರೆ, ಅದನ್ನು ಎಲ್ಲಿ ಮಾರಬೇಕು? ಟೊಮ್ಯಾಟೊವನ್ನಾದರೂ ಮೈಸೂರಿಗೆ ಒಯ್ಯಬಹುದು. ಮಿಡಿಸೌತೆಗೆ ಕರಾರು ಮಾಡಿಕೊಂಡವನ ಬಾಗಿಲು ಬಿಟ್ಟರೆ ಬೇರೆ ಬಾಗಿಲಿಲ್ಲ.

ಕಬ್ಬಿನ ಸಂಗತಿಯನ್ನು ಇದರೊಡನೆ ಹೋಲಿಸಿ ನೋಡಿ. ಕೃಷ್ಣರಾಜಪೇಟೆಯ ರೈತ ಮಾಕವಳ್ಳಿಯ ಖಾಸಗಿ ಕಾರ್ಖಾನೆಗೆ ಕಬ್ಬು ಸಾಗಿಸಿದರೆ, ಅವನ ಬೆನ್ನಿಗೆ 1966ರ ಕಬ್ಬು ನಿಯಂತ್ರಣ ಆಜ್ಞೆ ಇದೆ. ಬೆಲೆಯ ಕೆಳಮಟ್ಟವನ್ನು ಕೇಂದ್ರ ಸರ್ಕಾರ ಗೊತ್ತುಮಾಡುತ್ತದೆ. 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ಶೇಕಡ 15ರ ಬಡ್ಡಿ ಕೊಡಬೇಕು. ಅದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದು ಬೇರೆ ಮಾತು. ಕೇಳುವುದಕ್ಕೆ ಒಂದು ಆಧಾರವಂತೂ ಇದೆ. ಮಿಡಿಸೌತೆಗೆ ಸರ್ಕಾರ ಗೊತ್ತುಮಾಡಿದ ಬೆಲೆಯಿಲ್ಲ. ಅಲ್ಲಿ ಇರುವ ಒಂದೇ ಕಾನೂನು ಎಂದರೆ ಆ ಕರಾರು ಪತ್ರ. ಒಪ್ಪಂದದ ಬೇಸಾಯಕ್ಕೆಂದೇ 2020ರಲ್ಲಿ ಕೇಂದ್ರವು ತಂದ ಕಾಯಿದೆ ದೊಡ್ಡ ರೈತ ಚಳುವಳಿಯ ಬಳಿಕ 2021ರಲ್ಲಿ ರದ್ದಾಯಿತು. ಆ ವಾದವಿವಾದದ ಗುಣದೋಷ ಏನೇ ಇರಲಿ, ಕರಾರು ಮಾಡುವುದಂತೂ ನಿಲ್ಲಲಿಲ್ಲ.

ಹಾಗಾದರೆ ಆ ಪತ್ರ ಯಾವ ಭಾಷೆಯಲ್ಲಿದೆ? ರುಜು ಹಾಕುವ ಮುಂಚೆ ಅದನ್ನು ರೈತನಿಗೆ ಓದಿ ಹೇಳಿದವರಾರು? ಅದರ ಒಂದು ನಕಲು ಅವನ ಮನೆಯ ಪೆಟ್ಟಿಗೆಯಲ್ಲಿದೆಯೆ? ತಿರಸ್ಕರಿಸಿದ ಕಾಯಿಯ ಲೆಕ್ಕ ಯಾರಿಗೆ, ಆಲಿಕಲ್ಲು ಮಳೆ ಬಂದರೆ ಬೀಜದ ಸಾಲ ಯಾರ ಮೇಲೆ, ಹಣ ಎಷ್ಟು ದಿನಕ್ಕೆ, ತಕರಾರು ಬಂದರೆ ತೀರ್ಮಾನ ಯಾವ ಊರಿನಲ್ಲಿ? ಈ ಆರೇಳು ಪ್ರಶ್ನೆಗಳಿಗೆ ಉತ್ತರ ತಿಳಿದ ರೈತ ವ್ಯಾಪಾರಿಯಾಗುತ್ತಾನೆ. ತಿಳಿಯದ ರೈತ ತನ್ನ ಹೊಲದಲ್ಲೇ ಕೂಲಿಯಾಗುತ್ತಾನೆ. ಎರಡರ ನಡುವೆ ಇರುವುದು ಒಂದು ಹಾಳೆ ಕಾಗದ, ಅದನ್ನು ಓದಬಲ್ಲ ಒಬ್ಬ ಮನುಷ್ಯ.

ಓದಬಲ್ಲವರು ಎಲ್ಲಿದ್ದಾರೆ? ಮಿತ್ರರೆ, ಇಲ್ಲಿಯೇ ಇದ್ದೇವೆ. ಕನ್ನಡ, ಇಂಗ್ಲಿಷ್, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸಗಳನ್ನು ಓದುತ್ತಿರುವ ನಮ್ಮನ್ನು ಕಂಡು ನಮ್ಮ ಬಂಧುಗಳೇ "ಬಿ.ಎ. ಓದಿ ಏನು ಮಾಡುತ್ತೀಯೆ?" ಎಂದು ಮರುಕಪಡುತ್ತಾರೆ. ನಮ್ಮಲ್ಲಿ ಅನೇಕರು ಅದೇ ಮರುಕವನ್ನು ತಮ್ಮ ಮೇಲೆ ತಾವೇ ಹೊದ್ದುಕೊಂಡು, ಪದವಿ ಕೈಸೇರಿದ ಮರುದಿನ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹೊಸ ಹೆದ್ದಾರಿ ಬಂಡವಾಳವನ್ನು ಇತ್ತ ತರುವುದಕ್ಕೆ ಮುಂಚೆಯೇ ಯುವಕರನ್ನು ಅತ್ತ ಒಯ್ಯುವಂತಾಗಬಾರದು. ಒಂದು ವಾಕ್ಯದ ಅರ್ಥವನ್ನು ಬಿಡಿಸುವುದು, ಎರಡು ಭಾಷೆಗಳ ನಡುವೆ ಸೇತುವೆಯಾಗುವುದು, ಹಕ್ಕು ಬಾಧ್ಯತೆಗಳನ್ನು ತೂಗಿ ನೋಡುವುದು - ಇವೇ ಅಲ್ಲವೆ ಕಲಾ ಪದವಿ ಕಲಿಸುವ ವಿದ್ಯೆಗಳು? ಪರದೇಶದ ವ್ಯಾಪಾರಕ್ಕೆ ಇಂಜಿನಿಯರನಷ್ಟೇ ದುಭಾಷಿಯೂ ಬೇಕು, ಕರಾರು ಬರೆಯುವವನೂ ಬೇಕು. ಈ ಮಾತನ್ನು ನಾವು ಧೈರ್ಯವಾಗಿ ಹೇಳಿಕೊಳ್ಳಬೇಕಾಗಿದೆ.

ಆದ್ದರಿಂದ ನನ್ನ ಸಲಹೆಗಳು ಮೂರು. ಮೊದಲನೆಯದು, ನಮ್ಮ ಎನ್.ಎಸ್.ಎಸ್. ಶಿಬಿರಗಳಲ್ಲಿ ರಸ್ತೆ ಗುಡಿಸಿ ಗಿಡ ನೆಡುವುದರ ಜೊತೆಗೆ, ಕರಾರು ಓದುವ ಕೆಲಸವೂ ಸೇರಲಿ. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಊರಿನ ಒಬ್ಬ ವಕೀಲರ ನೆರವಿನಿಂದ, ನಾವು ಮಿಡಿಸೌತೆಯ, ಬೀಜೋತ್ಪಾದನೆಯ, ಕೋಳಿ ಸಾಕಣೆಯ ಕರಾರುಗಳನ್ನು ತಿಳಿಗನ್ನಡಕ್ಕೆ ತಂದು ರೈತರಿಗೆ ಓದಿ ಹೇಳೋಣ. ಒಳ್ಳೆಯ ಕಂಪೆನಿಗಳು ಇದನ್ನು ವಿರೋಧಿಸಲಾರವು. ಅರ್ಥಮಾಡಿಕೊಂಡು ರುಜು ಹಾಕಿದ ರೈತ ನಡುದಾರಿಯಲ್ಲಿ ಕೈಬಿಡುವುದು ಕಡಿಮೆ.

ಎರಡನೆಯದು, ಸ್ಪ್ಯಾನಿಷ್ ತರಗತಿ. ಇದನ್ನು ಕೇಳಿ ಕೆಲವರು ನಗಬಹುದು. ಇಂಗ್ಲಿಷೇ ನಾಲಿಗೆಯ ಮೇಲೆ ಹೊರಳದಿರುವಾಗ ಸ್ಪ್ಯಾನಿಷ್ ಯಾಕೆ ಎನ್ನುವ ಆಕ್ಷೇಪ ಸಹಜವಾದದ್ದೇ. ಆದರೆ ಆ ಭಾಷೆ ಸುಮಾರು 20 ದೇಶಗಳ ಆಡಳಿತ ಭಾಷೆ. ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗಿನ ಉದ್ಯಮಿಗೆ ಇಂಗ್ಲಿಷ್ ನಮ್ಮಷ್ಟೇ ಪರಭಾಷೆ. ಅವನ ಮಾತಿನಲ್ಲಿ ಒಂದು ಪತ್ರ ಬರೆಯಬಲ್ಲವನು ಅವನಿಗೆ ನೆಂಟನಂತಾಗುತ್ತಾನೆ. ಆ ನಾಡುಗಳ ಸಂಬಂಧ ನಮಗೆ ಹೊಸದೂ ಅಲ್ಲ. ನಮ್ಮ ಅಡಿಗೆಮನೆಯ ಮೆಣಸಿನಕಾಯಿ, ಟೊಮ್ಯಾಟೊ, ಹಿತ್ತಲ ಸೀಬೆ, ಪರಂಗಿ, ಹೊಲದ ಮುಸುಕಿನಜೋಳ ಎಲ್ಲದರ ತವರೂ ಅಮೆರಿಕ ಖಂಡದ ಆ ಭಾಗವೇ. ಇಂದಿಗೂ ಮುಸುಕಿನಜೋಳ ಮತ್ತು ಗೋಧಿಯ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ ಇರುವುದು ಮೆಕ್ಸಿಕೋದಲ್ಲಿ. 'ಸಿಮ್ಮಿಟ್' ಎಂಬ ಅದರ ಹೆಸರು ಸ್ಪ್ಯಾನಿಷ್ ಪದಗಳ ಮೊದಲಕ್ಷರಗಳಿಂದ ಆದದ್ದು. ಆ ಸಂಸ್ಥೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದೊಡನೆ ಸೇರಿ 2021ರ ಡಿಸೆಂಬರಿನಲ್ಲಿ ಕುಣಿಗಲಿನ ಸಂಶೋಧನಾ ಕ್ಷೇತ್ರದಲ್ಲೇ ಒಂದು ಕೇಂದ್ರವನ್ನು ತೆರೆಯಿತು. ಶುದ್ಧ ತಳಿಗಳನ್ನು ಆರೆಂಟು ಹಂಗಾಮುಗಳ ಬದಲು ಎರಡು ಮೂರು ಹಂಗಾಮುಗಳಲ್ಲೇ ಪಡೆಯುವ ವಿಧಾನ ಅಲ್ಲಿಯದು. ಮೆಕ್ಸಿಕೋದ ವಿಜ್ಞಾನ ನಾಗಮಂಗಲದ ಗಡಿಯವರೆಗೆ ನಡೆದು ಬಂದಿರುವಾಗ, ನಾವು ನಾಲ್ಕು ಮಾತು ಕಲಿತು ಎದುರುಗೊಳ್ಳಲಾರೆವೆ? ನಾಲ್ಕು ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳಿಗೂ ಸೇರಿ ಒಬ್ಬ ಅಧ್ಯಾಪಕರು ಸಾಕು. ವಾರಕ್ಕೆ ಒಂದು ದಿನ ಒಂದು ಊರು. ಒಂದು ಮೈಲಿ ಹೆದ್ದಾರಿಯ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಬಾರದು.

ಮೂರನೆಯದು ಎಲ್ಲಕ್ಕಿಂತ ಕಷ್ಟವಾದದ್ದು: ಬೆಳೆಗಾರರ ಸಂಘ. 29 ಗುಂಟೆಯವನು ಒಂಟಿಯಾಗಿ ಯಾವ ಕಂಪೆನಿಯೊಡನೆಯೂ ಚೌಕಾಸಿ ಮಾಡಲಾರ. ಮುನ್ನೂರು ಜನ ಸೇರಿದರೆ ಮಾಡಬಲ್ಲರು. 10,000 ರೈತ ಉತ್ಪಾದಕ ಸಂಘಗಳನ್ನು ಕಟ್ಟುವ ಯೋಜನೆಯನ್ನು ಕೇಂದ್ರ ಸರ್ಕಾರ 2020ರಲ್ಲಿ ಕೈಗೊಂಡಿತು. ಆದರೆ ಸಂಘ ಎಂದೊಡನೆ ನಮ್ಮ ಹಿರಿಯರು ಪಾಂಡವಪುರದ ಕಡೆಗೆ ಬೆರಳು ತೋರಿಸುತ್ತಾರೆ. ಅಲ್ಲಿಯ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರಿಗೆ ಕೊಡಬೇಕಾಯಿತು. ಮಂಡ್ಯದ ಹಳೆಯ ಕಾರ್ಖಾನೆಯೂ ಕೆಲವು ವರ್ಷ ನಿಂತಿದ್ದು 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಇದರಿಂದ ಸಹಕಾರ ತತ್ತ್ವವೇ ಸುಳ್ಳೆಂದು ತೀರ್ಮಾನಿಸುವುದು ಸರಿಯಲ್ಲ. ಷೇರು ಪತ್ರ ಪೆಟ್ಟಿಗೆಯಲ್ಲಿದ್ದ ಮಾತ್ರಕ್ಕೆ ಒಡೆತನ ಕೈಗೆ ಬಂದಂತಲ್ಲ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಜಮಾಖರ್ಚಿನ ಈ ಬಾಬು ಏನೆಂದು ಕೇಳಬಲ್ಲ ಸದಸ್ಯನಿದ್ದರೆ ಮಾತ್ರ ಸಂಘ ಸಂಘವಾಗಿ ಉಳಿಯುತ್ತದೆ ಎಂಬುದೇ ನಾವು ಕಲಿಯಬೇಕಾದ ಪಾಠ.

ಈ ಪಾಠಕ್ಕೆ ಸ್ಪೇನಿನಿಂದಲೇ ಒಂದು ದೃಷ್ಟಾಂತ ದೊರೆಯುತ್ತದೆ. ಅಲ್ಲಿಯ ಬಾಸ್ಕ್ ಸೀಮೆಯ ಮೊಂಡ್ರಾಗೊನ್ ಎಂಬ ಸಣ್ಣ ಊರಿಗೆ, ಅಂತರ್ಯುದ್ಧದಿಂದ ಬಡವಾಗಿದ್ದ ಕಾಲದಲ್ಲಿ, 1941ರಲ್ಲಿ ಹೊಸೆ ಮಾರಿಯಾ ಅರಿಸ್ಮೆಂಡಿಯಾರ್ರಿಯೆಟಾ ಎಂಬ ಯುವಕ ಪಾದ್ರಿ ಬಂದರು. ಅವರು ಮೊದಲು ಕಟ್ಟಿದ್ದು ಕಾರ್ಖಾನೆಯನ್ನಲ್ಲ, ಶಾಲೆಯನ್ನು, ಅದು 1943ರಲ್ಲಿ. ಆ ಶಾಲೆಯಲ್ಲಿ ಓದಿದ ಐವರು ಸೇರಿ 1956ರಲ್ಲಿ ಉಲ್ಗೋರ್ ಎಂಬ ಮೊದಲ ಸಹಕಾರಿ ಕೈಗಾರಿಕೆಯನ್ನು ಹೂಡಿದರು. 1959ರಲ್ಲಿ ತಮ್ಮದೇ ಬ್ಯಾಂಕನ್ನೂ ಸ್ಥಾಪಿಸಿದರು. ಇಂದು ಅದು ಜಗತ್ತಿನ ಬಹು ದೊಡ್ಡ ಕಾರ್ಮಿಕ ಸಹಕಾರ ಸಮೂಹಗಳಲ್ಲೊಂದು. ಅವರಿಗೂ ಸೋಲು ಇಲ್ಲವೆಂದಲ್ಲ. ಅವರ ಫಾಗೋರ್ ಗೃಹೋಪಕರಣ ಸಂಸ್ಥೆ 2013ರಲ್ಲಿ ದಿವಾಳಿಯಾಯಿತು. ಆದರೆ ಆ ಒಂದು ಕೊಂಬೆ ಮುರಿದರೂ ಮರ ಉಳಿಯಿತು. ಶಾಲೆಗೂ ಕೈಗಾರಿಕೆಗೂ ನಡುವೆ 13 ವರ್ಷಗಳ ತಾಳ್ಮೆ ಇತ್ತೆಂಬುದನ್ನು ನಾವು ಮರೆಯಬಾರದು. ಸ್ಪ್ಯಾನಿಷ್ ಉದ್ಯಮಿಯನ್ನು ಕರೆಯುವ ಉತ್ಸಾಹದಲ್ಲಿ, ಸ್ಪೇನ್ ದೇಶದ ಈ ವಿವೇಕವನ್ನು ಕರೆತರುವುದನ್ನು ನಾವು ಬಿಟ್ಟರೆ ಹಣ್ಣನ್ನು ಬಿಟ್ಟು ಸಿಪ್ಪೆಯನ್ನು ಆರಿಸಿಕೊಂಡಂತೆ.

ಇಷ್ಟೆಲ್ಲ ಷರತ್ತು ಹಾಕಿದರೆ ಬರುವವರು ಬೇರೆ ಜಿಲ್ಲೆಗೆ ಹೋಗಿಬಿಡುತ್ತಾರೆ ಎಂಬ ಅಂಜಿಕೆ ಕೆಲವರಿಗೆ ಇದ್ದೀತು. ನಾನು ಯಾವ ಷರತ್ತನ್ನೂ ಹಾಕಿಲ್ಲ. ಬರುವವನ ಮೇಲೆ ಹೊರೆ ಹೊರಿಸಬೇಕೆಂದಲ್ಲ, ಇರುವವನ ಬೆನ್ನನ್ನು ನೇರ ಮಾಡಬೇಕೆಂದು ಹೇಳಿದ್ದೇನೆ. ಓದು ಬಲ್ಲ ರೈತ, ಭಾಷೆ ಬಲ್ಲ ತರುಣಿ, ಲೆಕ್ಕ ಬಲ್ಲ ಸಂಘ ಇರುವ ಊರಿಗೆ ಪ್ರಾಮಾಣಿಕ ವರ್ತಕ ಹೆಚ್ಚು ಸಂತೋಷದಿಂದ ಬರುತ್ತಾನೆ. ಅಪ್ರಾಮಾಣಿಕನು ಬಾರದಿದ್ದರೆ ನಮಗೆ ನಷ್ಟವೇನು?

ನಮ್ಮ ಊರುಗಳಲ್ಲಿ ಸರಕಿಗೆ ಕೊರತೆಯಿಲ್ಲ. ಮೇಲುಕೋಟೆಯ ಮಗ್ಗದ ಪಂಚೆ, ನಾಗಮಂಗಲದ ಲೋಹದ ಎರಕದ ಕೆಲಸ, ಹೇಮಾವತಿ ಮತ್ತು ಕಾವೇರಿ ನೀರಿನ ಬೆಳೆಗಳು ಎಲ್ಲವೂ ಕೊಳ್ಳುವವರ ದಾರಿ ಕಾಯುತ್ತಿವೆ. ಕೊರತೆ ಇರುವುದು ಅವುಗಳ ಪರವಾಗಿ ಪರರ ಭಾಷೆಯಲ್ಲಿ ಮಾತನಾಡಿ, ಮಾತಿನ ಕೊನೆಯಲ್ಲಿ ಕಾಗದವನ್ನು ಓದಿ ರುಜು ಹಾಕಬಲ್ಲವರಿಗೆ. ಮುಂದಿನ ವರ್ಷದ ಶಿಬಿರ ಗೊತ್ತಾಗುವ ಮುಂಚೆ ಪ್ರಾಂಶುಪಾಲರೂ ಅಧ್ಯಾಪಕರೂ ಈ ಸಲಹೆಗಳನ್ನು ಪರಿಶೀಲಿಸಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇನೆ. ಸಹಪಾಠಿಗಳಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ಈ ಬೇಸಗೆಯ ರಜೆಯಲ್ಲಿ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಯಾವುದಾದರೂ ಕರಾರು ಪತ್ರವಿದ್ದರೆ, ಅದನ್ನು ಕೈಗೆ ತೆಗೆದುಕೊಂಡು, ರುಜು ಹಾಕಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಓದಿ ಹೇಳಿ.